ಟೀಚರಿಗೊಂದು ಪತ್ರ: ಈ ಸಲ ಎಲ್ಲಾ ಊರ ಶಾಲೆಯದೇ ಮಾತು

ಜೂನ್ ಶುರುವಾಯಿತು ಅಂದರೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಶಾಲೆಯ ಬಗ್ಗೆಯೇ ಇರುತ್ತವೆ. ಅದರಲ್ಲೂ ಈ ಸಲ ಸರ್ಕಾರಿ ಪ್ರಾಥಮಿಕ ಶಾಲೆಗಳ ಬಗ್ಗೆ ಜಾಸ್ತಿ ಬಂದಿವೆ. 33 ವರ್ಷ ಅಂಥ ಶಾಲೆಗಳಲ್ಲೇ ಪಾಠ ಮಾಡಿದವಳು ನಾನು, ಕೊನೆಯ 9 ವರ್ಷ ಮುಖ್ಯ ಶಿಕ್ಷಕಿ. ಹಾಗಾಗಿ ಕೆಲವು ಉತ್ತರ ಉದ್ದವಾಗಿವೆ. ಎಲ್ಲ ಪತ್ರಗಳಿಗೂ ಜಾಗ ಸಾಲಲಿಲ್ಲ, ಏಳನ್ನು ಮಾತ್ರ ಆರಿಸಿದ್ದೇನೆ.

ಪ್ರಶ್ನೆ: ಟೀಚರ್, ನಾವು ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬಂದೆವು. ಮಗಳನ್ನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿಸಿದ್ದೇನೆ. ಒಂದು, ಎರಡು, ಮೂರು, ಈ ಮೂರೂ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರಿಸುತ್ತಾರೆ. ಹೋಮ್‌ವರ್ಕ್ ಅಂತ ಏನೂ ಬರುವುದಿಲ್ಲ. ಏನು ಕಲಿತೆ ಅಂದರೆ ‘ಕಾರ್ಡು ಮಾಡಿದೆ’ ಅಂತಾಳೆ. ತಪ್ಪು ಮಾಡಿಬಿಟ್ಟೆನಾ ಅಂತ ರಾತ್ರಿ ನಿದ್ದೆ ಬರುವುದಿಲ್ಲ. (ಒಬ್ಬ ತಾಯಿ, ತಿಪಟೂರು ತಾಲ್ಲೂಕು)

ನಿದ್ದೆ ಕೆಡಿಸಿಕೊಳ್ಳಬೇಡಿ ತಾಯಿ. ಅದು ನಲಿ-ಕಲಿ ಅನ್ನುವ ಕಲಿಕೆಯ ಪದ್ಧತಿ. ಕೋಣೆ ಸಾಲದೆ ಮೂರು ತರಗತಿ ಸೇರಿಸಿದ್ದಾರೆ ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ, ಬೇಕಂತಲೇ ಸೇರಿಸಿರುವುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಬಂದರು. ಬಂದವರು ಯುನಿಸೆಫ್ ಸಹಾಯದಿಂದ ತಮ್ಮ ಶಾಲೆಗಳಲ್ಲಿ ಶುರು ಮಾಡಿದ್ದು ಇದು. 2009-10ರಿಂದ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು.

ನಿಮ್ಮ ಮಗಳ ಕೋಣೆಗೆ ಒಂದು ದಿನ ಹೋಗಿ ಒಂದು ಗಂಟೆ ಸುಮ್ನೆ ಕೂತು ನೋಡಿ. ಗೋಡೆಯ ಮೇಲೆ ಏಣಿಯ ಚಿತ್ರ ಇರುತ್ತದೆ, ಅದು ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು. ಮಗು ತಾನು ನಿನ್ನೆ ಎಲ್ಲಿ ಬಿಟ್ಟಿದ್ದೆ ಅಂತ ತಾನೇ ನೋಡಿಕೊಂಡು, ಇವತ್ತಿನ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧಂಬರ್ಧ, ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಬೇಕು. ಗೋಡೆಯ ಕೆಳಗಡೆ, ಮಗುವಿನ ಕೈಗೆ ಎಟುಕುವ ಹಾಗೆ, ಕಪ್ಪು ಬಣ್ಣ ಬಳಿದಿರುತ್ತಾರೆ. ಅಲ್ಲಿ ಪ್ರತಿ ಮಗುವಿಗೂ ಬರೆಯಲು ತನ್ನದೇ ಜಾಗ. ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ, ಕಾಗದದ ಹಕ್ಕಿ ಎಲ್ಲಾ ತೂಗುಹಾಕಿರುತ್ತಾರೆ, ಅದಕ್ಕೆ ಚಪ್ಪರ ಅಂತಾರೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಒಂದನೇ ತರಗತಿಯ ಮಗುವಿನ ಕೈ ಹಿಡಿದು ‘ರ’ ಬರೆಸುವುದನ್ನು ನೋಡಿದರೆ ನಿಮ್ಮ ಭಯ ಅರ್ಧ ಅಲ್ಲೇ ಹೋಗುತ್ತದೆ.

ಇನ್ನರ್ಧ ಭಯಕ್ಕೆ ಕಾರಣ ಇದೆ, ಅದನ್ನೂ ಹೇಳುತ್ತೇನೆ. ನಲಿ-ಕಲಿ ನಡೆಯಬೇಕಾದರೆ ಟೀಚರ್ ಆ ಕೋಣೆಯಲ್ಲೇ ಇರಬೇಕು. ಶಾಲೆಗೆ ಇಬ್ಬರೇ ಟೀಚರ್ ಇದ್ದು, ಒಬ್ಬರು ಮೀಟಿಂಗಿಗೆ ಹೋಗಿ, ಇನ್ನೊಬ್ಬರು ಐದು ತರಗತಿ ನೋಡಿಕೊಳ್ಳುವ ಹಾಗಾದರೆ ತಟ್ಟೆಗಳು ಬರೀ ಗುಂಪುಗಳಾಗಿ ಉಳಿಯುತ್ತವೆ. ಆಗ ಮಕ್ಕಳು ಹಿಂದೆ ಬೀಳುವುದು ನಿಜ. ಆದ್ದರಿಂದ ‘ಹೋಮ್‌ವರ್ಕ್ ಯಾಕಿಲ್ಲ’ ಅಂತ ಕೇಳುವ ಬದಲು ‘ನಮ್ಮ ಶಾಲೆಗೆ ಎಷ್ಟು ಜನ ಟೀಚರ್ ಇರಬೇಕು, ಎಷ್ಟು ಜನ ಇದ್ದಾರೆ’ ಅಂತ ಕೇಳಿ. ಮಗಳನ್ನು ಕೇಳುವಾಗಲೂ ಅಷ್ಟೇ. ‘ಇವತ್ತು ಯಾವ ತಟ್ಟೆಯಲ್ಲಿ ಕೂತಿದ್ದೆ’ ಅಂತ ಕೇಳಿ ನೋಡಿ, ಎಷ್ಟು ಮಾತಾಡುತ್ತಾಳೆ ಅಂತ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಆಟೋ ಓಡಿಸುತ್ತೇನೆ. ಹೋದ ವರ್ಷ ನನ್ನನ್ನು ಶಾಲೆಯ ಎಸ್‌ಡಿಎಂಸಿಗೆ ಮೆಂಬರ್ ಮಾಡಿದರು. ಇಲ್ಲಿಯವರೆಗೆ ಮಾಡಿದ ಕೆಲಸ ಅಂದರೆ ಸಹಿ ಹಾಕಿದ್ದು. ಪುಸ್ತಕ ಮನೆಗೇ ಬರುತ್ತದೆ, ನಾನು ಸಹಿ ಹಾಕಿ ಕಳಿಸುತ್ತೇನೆ. ಓದಿದ್ದು ಏಳನೇ ಕ್ಲಾಸು. ನನ್ನಂಥವನು ಅಲ್ಲಿ ಹೋಗಿ ಏನು ಕೇಳಲಿ? (ಒಬ್ಬ ತಂದೆ, ದಾವಣಗೆರೆ ಜಿಲ್ಲೆ)

ಈ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಸಹಿ ಹಾಕಿ ಸುಮ್ಮನಾಗುವವರೇ ಜಾಸ್ತಿ, ನಿಮಗೆ ಅದು ಸರಿ ಕಾಣಲಿಲ್ಲ.

ಮೊದಲು ನಿಮ್ಮ ಜಾಗ ಎಂಥದ್ದು ಅಂತ ತಿಳಿದುಕೊಳ್ಳಿ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಮ್ಮ ರಾಜ್ಯದಲ್ಲಿ ಅದು ಬಂದದ್ದು 2001ರಲ್ಲಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಇಡೀ ದೇಶಕ್ಕೇ ಇಂಥ ಸಮಿತಿ ಇರಲೇಬೇಕು ಅಂತ ಮಾಡಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮಕ್ಕಳ ತಂದೆತಾಯಿಯೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಎಷ್ಟು ಓದಿರಬೇಕು ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿದೆ, ಅಷ್ಟೇ ಅರ್ಹತೆ. ಮುಖ್ಯ ಶಿಕ್ಷಕರು ಅಲ್ಲಿ ಕಾರ್ಯದರ್ಶಿ. ಅಂದರೆ ಸಭೆ ಕರೆಯುವುದು, ನಡೆದದ್ದನ್ನು ಬರೆದಿಡುವುದು ಅವರ ಕೆಲಸ. ತೀರ್ಮಾನ ನಿಮ್ಮೆಲ್ಲರದು.

ಸಮಿತಿಗೆ ಕಾಯ್ದೆ ಕೊಟ್ಟಿರುವ ಕೆಲಸ ಮುಖ್ಯವಾಗಿ ಮೂರು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲೆಗೆ ಮುಂದೆ ಏನೇನು ಬೇಕು ಅಂತ ಯೋಜನೆ ಮಾಡುವುದು, ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡುವುದು. ಮೂರನೆಯದಕ್ಕೆ ಜನ ಹೆದರುತ್ತಾರೆ. ಹೆದರುವಂಥದ್ದು ಏನೂ ಇಲ್ಲ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಪ್ರತಿ ಶಾಲೆಗೂ ವರ್ಷಕ್ಕೊಂದು ಅನುದಾನ ಇದೆ. 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಸೀಮೆಸುಣ್ಣ, ರಿಪೇರಿ, ಪೊರಕೆ, ಫಿನಾಯಿಲು ಎಲ್ಲಾ ಇದರಲ್ಲೇ. ಹತ್ತರಲ್ಲಿ ಒಂದು ಪಾಲನ್ನು ಸ್ವಚ್ಛತೆಗೇ ಇಡಬೇಕು ಅಂತ ಇದೆ. ಇಷ್ಟು ಗೊತ್ತಿದ್ದರೆ ‘ಈ ವರ್ಷದ್ದು ಬಂತಾ ಸಾರ್, ಯಾವುದಕ್ಕೆ ಖರ್ಚು ಮಾಡೋಣ’ ಅಂತ ಕೇಳಬಹುದಲ್ವಾ? ಆಟೋದ ಡೀಸೆಲ್ಲು, ಕಂತು, ಮನೆ ಖರ್ಚು ಎಲ್ಲಾ ಲೆಕ್ಕ ಹಾಕುವ ನಿಮಗೆ ಈ ಲೆಕ್ಕ ದೊಡ್ಡದಲ್ಲ.

ಪುಸ್ತಕ ಮನೆಗೆ ಬಂದಾಗ ಸಹಿ ಹಾಕಬೇಡಿ. ಜಗಳ ಮಾಡುವುದೂ ಬೇಡ. ‘ನಾನೇ ಬಂದು ಹಾಕುತ್ತೇನೆ ಸಾರ್, ಸಭೆ ಯಾವತ್ತು’ ಅಂತ ಹೇಳಿ ಕಳಿಸಿ. ಒಂದು ಸಲ ಹೀಗೆ ಹೇಳಿದರೆ ಸಾಕು, ಬದಲಾವಣೆ ಅಲ್ಲಿಂದಲೇ ಶುರುವಾಗುತ್ತದೆ. ಇದನ್ನು ಹೇಳುವಾಗ ನನಗೆ ಸಂಕಟವೂ ಆಗುತ್ತದೆ. ಕೆಲಸದ ಒತ್ತಡದಲ್ಲಿ ನಾನೂ ಒಂದೆರಡು ವರ್ಷ ಹುಡುಗರ ಕೈಯಲ್ಲಿ ಪುಸ್ತಕ ಕಳಿಸಿ ಸಹಿ ತರಿಸಿದ್ದೇನೆ. ಸಮಿತಿಯವರು ಬರುವುದಿಲ್ಲ ಅಂತ ದೂರುತ್ತಿದ್ದೆ. ಅವರು ಬರಲು ಆಗದ ಹೊತ್ತಿಗೆ, ಮಧ್ಯಾಹ್ನ ಮೂರಕ್ಕೆ, ಸಭೆ ಇಡುತ್ತಿದ್ದವಳು ನಾನೇ. ಕೂಲಿ ಬಿಟ್ಟು ಯಾರು ಬರುತ್ತಾರೆ? ಒಬ್ಬ ಅಜ್ಜಿ, ಮೊಮ್ಮಗಳ ಪರವಾಗಿ ಬಂದವರು, ‘ಸಂತೆ ದಿನ ಸಂಜೆ ಇಡವ್ವಾ, ಎಲ್ಲರೂ ಊರಲ್ಲೇ ಇರ್ತಾರೆ’ ಅಂದರು. ಇಟ್ಟೆ. ನಾಲ್ಕು ಜನ ಬರುತ್ತಿದ್ದ ಜಾಗಕ್ಕೆ ಹದಿನೈದು ಜನ ಬಂದರು. ನೀವೂ ಮೊದಲ ಸಭೆಯಲ್ಲಿ ಹೊತ್ತಿನ ಮಾತೇ ಎತ್ತಿ.

ಇನ್ನು ಕೇಳುವುದಕ್ಕಿಂತ ನೋಡುವುದು ಮುಖ್ಯ. ನಲ್ಲಿಯಲ್ಲಿ ನೀರು ಬರುತ್ತಾ? ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ? ಮಳೆ ಬಂದರೆ ಯಾವ ಕೋಣೆ ಸೋರುತ್ತದೆ? ಇದನ್ನೆಲ್ಲ ನೋಡಲು ಏಳನೇ ಕ್ಲಾಸು ಬೇಕಾದಷ್ಟಾಯಿತು.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳ ಕೈಲಿ ಕಸ ಗುಡಿಸುತ್ತಾರೆ. ನಾವು ಓದಲು ಕಳಿಸುತ್ತೇವೆ, ಗುಡಿಸಲು ಅಲ್ಲ. ಕೇಳಿದರೆ ‘ಕೂಲಿಯವರನ್ನು ಇಡಲು ದುಡ್ಡಿಲ್ಲ’ ಅಂತಾರೆ. ಇದು ಸರಿನಾ? (ಓದುಗರು, ಹಾಸನ)

ಯಾವುದನ್ನು, ಯಾರ ಜೊತೆ, ಯಾರ ಕೈಲಿ ಮಾಡಿಸುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ.

ತಾನು ಕೂರುವ ಕೋಣೆಯನ್ನು ಎಲ್ಲರೂ ಸೇರಿ ಹತ್ತು ನಿಮಿಷದಲ್ಲಿ ಗುಡಿಸಿಕೊಳ್ಳುವುದು, ಗಿಡಕ್ಕೆ ನೀರು ಹಾಕುವುದು, ಊಟದ ತಟ್ಟೆ ತಾನೇ ತೊಳೆಯುವುದು, ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಟೀಚರೂ ಒಂದು ಪೊರಕೆ ಹಿಡಿದಿರಬೇಕು. ಹುಡುಗರು ಬಾಲ್ ಆಡುತ್ತಾ ಹೆಣ್ಣುಮಕ್ಕಳು ಮಾತ್ರ ಗುಡಿಸುತ್ತಿದ್ದರೆ ಅದು ತಪ್ಪು. ಒಂದೇ ಕೇರಿಯ ಮಕ್ಕಳನ್ನೇ ದಿನಾ ಕರೆಯುತ್ತಿದ್ದರೆ ಅದು ಅನ್ಯಾಯ, ಅವತ್ತೇ ಹೋಗಿ ಕೇಳಿ. ಶೌಚಾಲಯ ತೊಳೆಸುವುದಂತೂ ಯಾವ ಕಾರಣಕ್ಕೂ ಒಪ್ಪುವಂಥದ್ದಲ್ಲ. ದುಡ್ಡಿಲ್ಲ ಅನ್ನುವುದು ಅದಕ್ಕೆ ಉತ್ತರ ಆಗುವುದಿಲ್ಲ. ಮೇಲೆ ಹೇಳಿದೆನಲ್ಲ, ಸ್ವಚ್ಛತೆಗೆ ಅಂತಲೇ ಅನುದಾನದಲ್ಲಿ ಪಾಲಿದೆ. ಅದು ಸಾಲದು, ನಿಜ. ಸಾಲದ್ದನ್ನು ಪಂಚಾಯ್ತಿಯ ಹತ್ತಿರ ಕೇಳಬೇಕೇ ಹೊರತು ಮಕ್ಕಳ ಕೈಲಿ ತೀರಿಸಬಾರದು.

ಪ್ರಶ್ನೆ: ನಾನು ಶಾಲೆಯಲ್ಲಿ ಬಿಸಿಯೂಟ ಮಾಡುತ್ತೇನೆ ಟೀಚರ್. ನಾವು ಇಂಥ ಜಾತಿಯವರು ಅಂತ ನಾಲ್ಕು ಮಕ್ಕಳು ನನ್ನ ಅಡುಗೆ ಉಣ್ಣುವುದಿಲ್ಲ. ಮನೆಯಿಂದ ಡಬ್ಬಿ ತರುತ್ತವೆ. ಮಕ್ಕಳ ಮೇಲೆ ನನಗೆ ಕೋಪ ಇಲ್ಲ. ಅವು ಉಣ್ಣುವವರ ತಟ್ಟೆಯ ಕಡೆ ನೋಡುತ್ತಾ ಕೂರುತ್ತವೆ, ಅದನ್ನು ನೋಡಲು ಆಗುವುದಿಲ್ಲ. ಕೆಲಸ ಬಿಡಲಾ ಅನಿಸುತ್ತದೆ. (ಅಡುಗೆಯವರು, ಊರು ಬೇಡ)

ಬಿಡಬೇಡಿ ಅಕ್ಕಾ. ದಯವಿಟ್ಟು ಬಿಡಬೇಡಿ.

ನಿಮ್ಮ ಪತ್ರವನ್ನು ನಾಲ್ಕೈದು ಸಲ ಓದಿದೆ. ಹತ್ತು ಗಂಟೆಗೆ ಬಂದು ಹಾಲಿನ ಪುಡಿ ಕಲಸಿ ಕಾಯಿಸಿ, ಅಕ್ಕಿ ಆರಿಸಿ, ತರಕಾರಿ ಹೆಚ್ಚಿ, ಸಾರು ಕುದಿಸಿ, ಮೊಟ್ಟೆ ಬೇಯಿಸಿ ಸುಲಿದು, ನೂರು ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು ಮನೆಗೆ ಹೋಗುವ ಹೊತ್ತಿಗೆ ಎಷ್ಟಾಗಿರುತ್ತದೆ ಅಂತ ನನಗೆ ಗೊತ್ತು. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಕಾಗದದ ಮೇಲೆ ಇರುವ ಈ ಲೆಕ್ಕವನ್ನು ಊಟವನ್ನಾಗಿ ಮಾಡುವವರು ನೀವು. ಬೆಳಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಇವತ್ತಿಗೂ ಇದ್ದಾರೆ, ಅವರು ಮಧ್ಯಾಹ್ನದವರೆಗೂ ನಿಮ್ಮ ಅಡುಗೆಮನೆ ಕಡೆಗೇ ನೋಡುತ್ತಿರುತ್ತಾರೆ.

ನಾನಿದ್ದ ಒಂದು ಶಾಲೆಯಲ್ಲೂ ಹೀಗೇ ಆಯಿತು. ಊರಿನ ಹೆಸರು ಹೇಳುವುದಿಲ್ಲ. ಹೊಸ ಅಡುಗೆಯವರು ಬಂದ ವಾರದಲ್ಲೇ ಒಂಬತ್ತು ಮಕ್ಕಳು ಡಬ್ಬಿ ತರತೊಡಗಿದರು. ತಾನಾಗಿ ಸರಿಹೋಗುತ್ತದೆ ಅಂತ ನಾನು ಎಂಟು ದಿನ ಸುಮ್ಮನಿದ್ದೆ. ಅದು ನನ್ನ ತಪ್ಪು, ಇವತ್ತಿಗೂ ನೆನೆದರೆ ನೋವಾಗುತ್ತದೆ. ಆ ಎಂಟು ದಿನ ಆಕೆ ಒಳಗೊಳಗೇ ಎಷ್ಟು ಬೆಂದಿರಬೇಕು! ಒಂಬತ್ತನೆಯ ದಿನ ತಟ್ಟೆ ಹಿಡಿದು ಮಕ್ಕಳ ಸಾಲಿನ ಮಧ್ಯೆ ಕೂತೆ, ನನ್ನ ಜೊತೆ ಇನ್ನಿಬ್ಬರು ಟೀಚರೂ ಕೂತರು. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವೇ ಇದೆ. ಆದರೆ ಒಂದು ಚಮಚ ರುಚಿ ನೋಡುವುದು ಬೇರೆ, ಸಾಲಿನಲ್ಲಿ ಕೂತು ಹೊಟ್ಟೆತುಂಬ ಉಣ್ಣುವುದು ಬೇರೆ. ಅವತ್ತಿನಿಂದ ವರ್ಗಾವಣೆ ಆಗುವವರೆಗೂ ನನ್ನ ಮಧ್ಯಾಹ್ನದ ಊಟ ಆ ಸಾಲಿನಲ್ಲೇ.

ಡಬ್ಬಿ ತಂದ ಮಕ್ಕಳನ್ನು ಬೈಯಲಿಲ್ಲ. ಅವರ ಮನೆಗಳಿಗೆ ಸಂಜೆ ಹೋದೆವು. ಎಸ್‌ಡಿಎಂಸಿ ಅಧ್ಯಕ್ಷರು ಬಂದರು. ಊರಿನಲ್ಲಿ ಎಲ್ಲರೂ ಮಾತು ಕೇಳುವ ಒಬ್ಬ ಹಿರಿಯಮ್ಮ ಇದ್ದರು, ಅವರನ್ನೂ ಕರೆದುಕೊಂಡು ಹೋದೆವು. ಆಮೇಲೆ ಒಂದು ದಿನ ಆ ಅಮ್ಮ ತಾವಾಗಿ ಶಾಲೆಗೆ ಬಂದು, ಎಲ್ಲರೂ ನೋಡುವ ಹಾಗೆ ಸಾರು ಹಾಕಿಸಿಕೊಂಡು ಉಂಡು, ‘ಇನ್ನೊಂದು ಸೌಟು ಹಾಕವ್ವಾ’ ಅಂದರು. ಎರಡು ತಿಂಗಳಲ್ಲಿ ಎಂಟು ಮಕ್ಕಳು ಡಬ್ಬಿ ಬಿಟ್ಟರು. ಒಂದು ಮನೆಯವರು ಒಪ್ಪಲೇ ಇಲ್ಲ, ಮಗುವನ್ನು ಬೇರೆ ಶಾಲೆಗೆ ಸೇರಿಸಿದರು. ಎಲ್ಲವೂ ಸರಿಹೋಯಿತು ಅಂತ ನಿಮಗೆ ಸುಳ್ಳು ಹೇಳಲಾರೆ.

ಇದನ್ನು ನೀವೊಬ್ಬರೇ ಹೊರಬೇಡಿ. ಮುಖ್ಯ ಶಿಕ್ಷಕರಿಗೆ ಬಾಯಲ್ಲಿ ಹೇಳುವ ಬದಲು ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಅವರು ಸುಮ್ಮನಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ, ತಾಲ್ಲೂಕು ಪಂಚಾಯ್ತಿಯಲ್ಲಿ ಅಕ್ಷರ ದಾಸೋಹದ, ಅಂದರೆ ಬಿಸಿಯೂಟ ಯೋಜನೆಯ, ಸಹಾಯಕ ನಿರ್ದೇಶಕರು ಇದ್ದಾರೆ. ಯಾರಾದರೂ ದೊಡ್ಡವರು ನಿಮ್ಮನ್ನು ಜಾತಿ ಹಿಡಿದು ಹೀಯಾಳಿಸಿದರೆ, ಕೆಲಸ ಬಿಡು ಅಂತ ಒತ್ತಾಯ ಮಾಡಿದರೆ, ಅದು ಬರೀ ಶಾಲೆಯ ವಿಷಯ ಅಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಪೊಲೀಸರಿಗೆ ದೂರು ಕೊಡುವ ಹಕ್ಕು ನಿಮಗಿದೆ.

ಈ ಪತ್ರ ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ತಿಂಗಳಿಗೆ ಒಂದು ದಿನ ನಿಮ್ಮೂರ ಶಾಲೆಯಲ್ಲಿ ಮಕ್ಕಳ ಸಾಲಿನಲ್ಲಿ ಕೂತು ಉಣ್ಣಿ. ಅಡುಗೆಯವರ ಹೆಸರು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮ ಮಗನ ಹುಟ್ಟುಹಬ್ಬಕ್ಕೆ ಶಾಲೆಯ ಎಲ್ಲಾ ಮಕ್ಕಳಿಗೂ ಸಿಹಿ ಊಟ ಹಾಕಿಸಬೇಕು ಅಂತ ಆಸೆ. ಹೊರಗಿನ ಊಟ ಒಳಗೆ ಬಿಡುತ್ತಾರಾ? (ದಂಪತಿ, ಸಾಗರ)

ಬಿಡುತ್ತಾರೆ, ಅದಕ್ಕೆ ಅವಕಾಶ ಇದೆ. ಗುಜರಾತಿನಲ್ಲಿ ‘ತಿಥಿ ಭೋಜನ’ ಅಂತ ಶುರುವಾಗಿ ಈಗ ದೇಶದ ಬಿಸಿಯೂಟ ಯೋಜನೆಯಲ್ಲೇ ಸೇರಿದೆ. ನಮ್ಮ ಕಡೆ ತಿಥಿ ಅಂದರೆ ಸತ್ತವರ ಕಾರ್ಯ, ಹುಟ್ಟುಹಬ್ಬಕ್ಕೆ ಆ ಹೆಸರು ಹೇಳಿದರೆ ಅಜ್ಜಿಯರು ಬೇಡ ಅಂತಾರೆ. ವಿಶೇಷ ಊಟ ಅಂತ ಹೇಳಿ.

ನನ್ನ ಸಲಹೆ ಏನೆಂದರೆ ಹೊರಗಿನಿಂದ ಮಾಡಿಸಿ ತರಬೇಡಿ. ಎರಡು ಮೂರು ದಿನ ಮುಂಚೆ ಮುಖ್ಯ ಶಿಕ್ಷಕರಿಗೆ ಹೇಳಿ, ಬೆಲ್ಲ, ಕಡಲೆಬೇಳೆ, ತುಪ್ಪ, ಏಲಕ್ಕಿ ತಂದುಕೊಡಿ. ಶಾಲೆಯ ಅಡುಗೆಮನೆಯಲ್ಲೇ ಪಾಯಸ ಆಗಲಿ. ಬೆಳಗ್ಗೆ ನೀವಿಬ್ಬರೂ ಹೋಗಿ ಅಡುಗೆಯವರ ಜೊತೆ ಕೂತು ಕೆಲಸ ಮಾಡಿ, ಮಧ್ಯಾಹ್ನ ನೀವೇ ಬಡಿಸಿ. ಬಿಸಿಯಾಗಿರುತ್ತದೆ, ಕೆಡುವ ಭಯವೂ ಇಲ್ಲ. ಕೇಕು ಬೇಡ. ಒಬ್ಬರು ಕೇಕು ತಂದರೆ ನಾಳೆ ತರಲಾಗದ ಮನೆಯ ಮಗು ತನ್ನ ಹುಟ್ಟುಹಬ್ಬವನ್ನೇ ಹೇಳುವುದಿಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ನಾವು ಹಳೆ ವಿದ್ಯಾರ್ಥಿಗಳು, ಬೆಂಗಳೂರು, ಪುಣೆ, ದುಬೈ ಅಂತ ಎಲ್ಲೆಲ್ಲೋ ಇದ್ದೇವೆ. ವಾಟ್ಸಾಪ್ ಗ್ರೂಪಿನಲ್ಲಿ ಸೇರಿ ಒಂದೂವರೆ ಲಕ್ಷ ಕೂಡಿಸಿದ್ದೇವೆ. ಓದಿದ ಶಾಲೆಗೆ ದೊಡ್ಡ ಸ್ಮಾರ್ಟ್ ಟಿವಿ ಕೊಡೋಣ ಅಂತ. ನಿಮ್ಮ ಅಭಿಪ್ರಾಯ? (ಗೆಳೆಯರ ಬಳಗ)

ನಿಮ್ಮ ಮನಸ್ಸು ದೊಡ್ಡದು. ಟಿವಿ ತಗೊಳ್ಳುವ ಮುಂಚೆ ಒಂದು ಸಲ ಶಾಲೆಗೆ ಹೋಗಿ ಬನ್ನಿ. ಎಲ್ಲರಿಗೂ ಆಗದಿದ್ದರೆ ಒಬ್ಬರು ಹೋಗಿ. ಫೋನ್ ಮಾಡಿ ‘ಟಿವಿ ಬೇಕಾ ಸಾರ್’ ಅಂತ ಕೇಳಿದರೆ ಯಾವ ಮೇಷ್ಟ್ರೂ ಬೇಡ ಅನ್ನುವುದಿಲ್ಲ. ‘ಈ ಶಾಲೆಗೆ ಏನು ಬೇಕು’ ಅಂತ ಕೇಳಿ, ಉತ್ತರ ಬೇರೆಯೇ ಬರುತ್ತದೆ.

ನಾನು ಕಂಡ ಹಾಗೆ ಹೇಳುತ್ತೇನೆ. ಮಳೆಗಾಲದಲ್ಲಿ ಹೆಂಚು ಸೋರುವ ಕೋಣೆಯಲ್ಲಿ ಟಿವಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿರುತ್ತಾರೆ. ಕಳ್ಳತನದ ಭಯಕ್ಕೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಇದೆ. ಅದೇ ದುಡ್ಡಿನಲ್ಲಿ ಹೆಂಚು ತಿರುವಿಸಿ, ಕೈ ತೊಳೆಯಲು ಸಾಲಾಗಿ ಎಂಟು ನಲ್ಲಿ ಹಾಕಿಸಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕು ಇಟ್ಟರೆ ಅದು ದಿನಾ ಬಳಕೆಯಾಗುತ್ತದೆ. ಏಳನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಮೂರು ದಿನ ಶಾಲೆ ತಪ್ಪಿಸುವುದು ಯಾಕೆ ಅಂತ ನಿಮ್ಮ ಗುಂಪಿನ ಹೆಣ್ಣುಮಕ್ಕಳನ್ನು ಕೇಳಿ, ಅವರು ಹೇಳುತ್ತಾರೆ. ಕಾಂಪೌಂಡು, ಆಟದ ಮೈದಾನದಂಥ ದೊಡ್ಡ ಕೆಲಸಕ್ಕೆ ನಿಮ್ಮ ದುಡ್ಡು ಹಾಕಬೇಡಿ. ಎಷ್ಟೋ ಹಳ್ಳಿಗಳಲ್ಲಿ ಅವು ಪಂಚಾಯ್ತಿ ಮೂಲಕ ನರೇಗಾದಲ್ಲೇ ಆಗಿವೆ. ನೀವು ಊರಿಗೆ ಬಂದಾಗ ಪಂಚಾಯ್ತಿಗೆ ಹೋಗಿ ಎರಡು ಸಲ ಕೇಳಿದರೆ ಅದೂ ದೊಡ್ಡ ಸಹಾಯವೇ.

ಹರೇಕಳ ಹಾಜಬ್ಬ ಅವರ ವಿಷಯ ನಿಮಗೆ ಗೊತ್ತಿರಬಹುದು. ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲು ಆಗಲಿಲ್ಲ, ತಮ್ಮೂರಿನ ಮಕ್ಕಳಿಗೆ ಹೀಗಾಗಬಾರದು ಅಂತ ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಓಡಾಡಿದರು. 28 ಮಕ್ಕಳಿಂದ ಶುರುವಾದ ಶಾಲೆ ಅದು, ಆಮೇಲೆ ಹೈಸ್ಕೂಲಿನವರೆಗೂ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹತ್ತಿರ ಒಂದೂವರೆ ಲಕ್ಷ ಇರಲಿಲ್ಲ. ಅವರು ಕೊಟ್ಟದ್ದು ಕಿತ್ತಳೆ ಮಾರಿ ಉಳಿಸಿದ ದುಡ್ಡು, ಅದಕ್ಕಿಂತ ಜಾಸ್ತಿ ತಮ್ಮ ಹೊತ್ತು, ಕಚೇರಿ ಕಚೇರಿ ಅಲೆದ ಕಾಲು.

ನಿಮ್ಮಲ್ಲಿ ಯಾರಾದರೂ ಊರಿನ ಹತ್ತಿರ ಇದ್ದರೆ, ಶನಿವಾರ ಬೆಳಗ್ಗೆ ಹೋಗಿ ಐದನೇ ತರಗತಿಯ ಮಕ್ಕಳಿಗೆ ಒಂದು ಗಂಟೆ ಕಥೆ ಓದಿ ಹೇಳಿ. ನೂರು ಒಳ್ಳೆಯ ಕಥೆ ಪುಸ್ತಕ ಕೊಡಿಸಿ, ಅವುಗಳನ್ನು ಬೀರುವಿನಿಂದ ಹೊರಗಿಡಲು ಒಂದು ಮರದ ಶೆಲ್ಫು ಮಾಡಿಸಿ. ಎಲ್ಲಾ ಆಗಿ ಇನ್ನೂ ದುಡ್ಡು ಉಳಿದರೆ, ಸೋರದ ಕೋಣೆ ಇದ್ದರೆ, ಟಿವಿಯನ್ನೂ ಕೊಡಿ, ಮಕ್ಕಳಿಗೆ ಖುಷಿಯಾಗುತ್ತದೆ. ಏನೇ ಕೊಟ್ಟರೂ ಎಸ್‌ಡಿಎಂಸಿ ಸಭೆಯಲ್ಲಿ ಬರೆಸಿ, ದಾಸ್ತಾನು ಪುಸ್ತಕದಲ್ಲಿ ಹತ್ತಿಸಿ.

ಪ್ರಶ್ನೆ: ಟೀಚರ್, ನಾನು ಐದನೇ ತರಗತಿ. ನಮ್ಮ ಶಾಲೆಯಲ್ಲಿ ಒಟ್ಟು 11 ಮಕ್ಕಳು. ಹಳದಿ ವ್ಯಾನು ಬಂದು ನಮ್ಮೂರಿನ ಬೇರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೆ. ಮುಂದಿನ ವರ್ಷ ಶಾಲೆ ಮುಚ್ಚುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ತಮ್ಮ ಈಗ ಅಂಗನವಾಡಿ. ಅವನು ಎಲ್ಲಿಗೆ ಹೋಗಬೇಕು? (ಒಬ್ಬಳು ಹುಡುಗಿ, ಮಲೆನಾಡಿನ ಒಂದು ಹಳ್ಳಿ)

ಪುಟ್ಟಿ, ನಿನ್ನ ಅಕ್ಷರ ತುಂಬಾ ಚೆನ್ನಾಗಿದೆ. ತಮ್ಮನ ಬಗ್ಗೆ ನಿನಗಿರುವ ಕಾಳಜಿಯೂ ಚೆನ್ನಾಗಿದೆ.

ಮುಚ್ಚುತ್ತಾರೋ ಇಲ್ಲವೋ ಅಂತ ನಾನು ಇಲ್ಲಿ ಕೂತು ಹೇಳಿದರೆ ಅದು ಬರೀ ಸಮಾಧಾನದ ಮಾತಾಗುತ್ತದೆ. ಗೊತ್ತಿರುವುದನ್ನು ಹೇಳುತ್ತೇನೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ನಿಯಮ ಇದೆ. ನಿನ್ನ ತಮ್ಮ ಮಳೆಗಾಲದಲ್ಲಿ ಹಳ್ಳ ದಾಟಿ ದೂರ ನಡೆಯಬೇಕಾಗಿಲ್ಲ ಅಂತ ನೀವು ಕೇಳಬಹುದು, ಅದು ನಿಮ್ಮ ಹಕ್ಕು.

ಎಲ್ಲಿ ಕೇಳುವುದು ಗೊತ್ತಾ? ನಿಮ್ಮ ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮಾಡುತ್ತಾರೆ. ಅಲ್ಲಿ ಮಾತಾಡುವವರು ಮಕ್ಕಳು, ಕೇಳಿಸಿಕೊಂಡು ಉತ್ತರ ಕೊಡಬೇಕಾದವರು ದೊಡ್ಡವರು. ಈ ವರ್ಷ ಯಾವತ್ತು ಅಂತ ನಿಮ್ಮ ಟೀಚರನ್ನು ಈಗಲೇ ಕೇಳು. 11 ಜನರೂ ಒಟ್ಟಿಗೆ ಹೋಗಿ. ನನಗೆ ಬರೆದ ಈ ಪತ್ರವನ್ನೇ ಅಲ್ಲಿ ನಿಂತು ಓದು, ಒಂದು ಅಕ್ಷರವನ್ನೂ ಬದಲಾಯಿಸಬೇಡ. ಓದಿದ ಮೇಲೆ ಕಾಗದವನ್ನು ಪಂಚಾಯ್ತಿಯ ಅಧಿಕಾರಿ ಪಿಡಿಒ ಅವರ ಕೈಗೇ ಕೊಡು.

ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ಆಗಸ್ಟ್ 15ಕ್ಕೆ ನೀವು ಬಾವುಟ ಹಿಡಿದು ಊರಲ್ಲಿ ಪ್ರಭಾತ್ ಫೇರಿ ಹೋಗುತ್ತೀರಲ್ಲ, ಆವತ್ತು ವ್ಯಾನಿನಲ್ಲಿ ಹೋಗುವ ಮಕ್ಕಳ ಮನೆ ಮುಂದೆಯೂ ನಿಲ್ಲಿ. ಅವರ ಅಪ್ಪ ಅಮ್ಮಂದಿರನ್ನು ಕರೆಯಿರಿ, ‘ನಮ್ಮ ಶಾಲೆ ನೋಡಲು ಬನ್ನಿ’ ಅಂತ. ಬಂದರೆ ನಿಮ್ಮ ಗೋಡೆಯ ಚಿತ್ರಗಳನ್ನು, ನಿಮ್ಮ ಗಿಡಗಳನ್ನು ತೋರಿಸಿ, ನೀನು ನಿಂತು ಒಂದು ಪಾಠ ಗಟ್ಟಿಯಾಗಿ ಓದು. ಬಾರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಆ ಮಕ್ಕಳ ಮೇಲೆ ಕೋಪ ಬೇಡ, ಸಂಜೆ ಆಟಕ್ಕೆ ಅವರನ್ನೂ ಸೇರಿಸಿಕೊಳ್ಳಿ.

ಸಭೆಯಲ್ಲಿ ಯಾರು ಏನು ಹೇಳಿದರು ಅಂತ ನನಗೆ ಬರೆ. ನಿನ್ನ ಪತ್ರಕ್ಕೆ ಕಾಯುತ್ತಿರುತ್ತೇನೆ. ತಮ್ಮನ ಹೆಸರನ್ನೂ ಬರೆದು ಕಳಿಸು, ಮೊದಲ ಪತ್ರದಲ್ಲಿ ಮರೆತಿದ್ದೀಯ.